ಕಟ್ಟಿದ ಕೈಯೇ ಬಿಚ್ಚಬೇಕು

ಮೊಳಕಾಲ್ಮೂರು,
ಸೌಮ್ಯ ಸಂವತ್ಸರದ ಮಾಘ ಬಹುಳ ಪಂಚಮಿ,
ಇಂಗ್ಲಿಷ್ ತಾರೀಖು ೧ ಮಾರ್ಚಿ ೧೯೧೦

ಚಿರಂಜೀವಿ ತಮ್ಮ ಕಾಟಪ್ಪನಿಗೆ,

ನಿನ್ನ ಅಣ್ಣನ ಆಶೀರ್ವಾದ ಮೊದಲು, ಸುದ್ದಿ ಆಮೇಲೆ. ಕೆಮ್ಮು ಹೇಗಿದೆ? ಹೋದ ಯುಗಾದಿಗೆ ನೀನು ಬಂದಾಗ ಪಡಸಾಲೆಯಲ್ಲಿ ಕೆಮ್ಮಿದರೆ ಹಿತ್ತಿಲಲ್ಲಿ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಚಿನ್ನದ ಗಣಿಯ ಧೂಳು ಎದೆಯೊಳಗೆ ಕೂತರೆ ಬರೀ ಬಿಸಿನೀರಿಗೆ ಏಳುವ ಜಾತಿಯದಲ್ಲ. ಕೆಂಚಕ್ಕ ಒಣಶುಂಠಿ, ಹಿಪ್ಪಲಿ, ಮೆಣಸು ಕುಟ್ಟಿ ಗಂಟು ಕಟ್ಟಿ ಇಟ್ಟಿದ್ದಾಳೆ. ಕೋಲಾರದ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ, ಬೆಲ್ಲದ ಜೊತೆ ತಿನ್ನು. ಚಿಕ್ಕಂದಿನಲ್ಲಿ ಔಷಧ ಅಂದರೆ ನೀನು ಅಟ್ಟ ಹತ್ತಿ ಕೂರುತ್ತಿದ್ದೆ, ಅಪ್ಪ ಕೆಳಗೆ ಬಟ್ಟಲು ಹಿಡಿದು ಬೈಯುತ್ತಾ ನಿಂತಿರುತ್ತಿದ್ದ. ಈಗ ನಿನಗೆ ನಲವತ್ತೈದು. ಹೆಂಡತಿ ಕುಟ್ಟಿದ ಔಷಧವನ್ನಾದರೂ ಮರ್ಯಾದೆಯಿಂದ ನುಂಗು. ರಾತ್ರಿ ಪಾಳಿ ಬಿಡಿಸಿಕೊಳ್ಳಲು ಆಗುತ್ತದೆಯೇ ಎಂದು ಮೇಸ್ತ್ರಿಯನ್ನು ಕೇಳಿದೆಯಾ? ಕೇಳಿರಲಾರೆ. ನಮ್ಮ ಮನೆಯವರಿಗೆ ಯಾರನ್ನೂ ಏನನ್ನೂ ಕೇಳುವ ಬಾಯಿಲ್ಲ, ಹೇಳುವ ಬಾಯಿ ಮಾತ್ರ ಊರಗಲ.

ಇಲ್ಲಿ ಈ ಸಲ ಜೋಳ ಪರವಾಗಿಲ್ಲ. ಕೆಂದೆತ್ತಿಗೆ ಕಾಲುಬಾಯಿ ಬಂದು ಹೋಯಿತು, ಈಗ ಮೇಯುತ್ತಿದೆ. ನನ್ನಿವಾಳದಲ್ಲಿ ನನ್ನ ಮಗಳು ಲಕ್ಷ್ಮಕ್ಕನಿಗೆ ಹೆಣ್ಣು ಮಗುವಾಗಿ ಮೂರು ತಿಂಗಳು ತುಂಬಿತು. ಕೂಸಿಗೆ ನಿನ್ನ ಮೂಗು ಬಂದಿದೆ. ಆ ಮೂಗು ಹೊತ್ತುಕೊಂಡು ಅದು ಗಂಡನ ಮನೆ ಹೇಗೆ ಸೇರುತ್ತದೋ ದೇವರೇ ಬಲ್ಲ. ಅವಳ ಅತ್ತೆ ಪ್ಲೇಗಿನಲ್ಲಿ ತೀರಿಕೊಂಡರು ಎಂದು ಹಿಂದೆಯೇ ಬರೆದಿದ್ದೆ. ಮಿಕ್ಕವರು ಉಳಿದರು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಎರಡು ತಿಂಗಳಿದ್ದು, ಈಗ ಮನೆಗಳಿಗೆ ಸುಣ್ಣ ಬಳಿದು ಒಳಗೆ ಸೇರಿದ್ದಾರೆ.

ಕಾಟಪ್ಪ, ನಾನು ಸುತ್ತಿ ಬಳಸಿ ಮಾತಾಡುತ್ತಿದ್ದೇನೆ. ಮಾರ್ಗಶಿರದಲ್ಲೊಂದು, ಪುಷ್ಯದಲ್ಲೊಂದು ಪತ್ರ ಹಾಕಿದ್ದೆನಲ್ಲ, ಎರಡರಲ್ಲೂ ಪಾಲಣ್ಣನ ಮೊಣಕೈಗೆ ಪೆಟ್ಟಾಗಿದೆ, ಗುಣವಾಗುತ್ತಾ ಇದೆ ಎಂದು ಒಂದೊಂದು ಸಾಲು ಗೀಚಿ ಕೈ ತೊಳೆದುಕೊಂಡಿದ್ದೆ. ಗುಣವಾಗುತ್ತಿಲ್ಲ. ಆಗುವುದೂ ಇಲ್ಲ. ನಿನ್ನ ಮಗನ ಬಲಗೈ ಹೋಗಿದೆ. ಕೈ ಅಂತ ಒಂದು ಭುಜದಿಂದ ಇಳಿಬಿದ್ದಿದೆ, ಆದರೆ ಕೈ ಮಾಡುವ ಕೆಲಸ ಯಾವುದೂ ಅದರಿಂದ ಆಗದು. ಒಂಬತ್ತು ವರ್ಷದ ಹುಡುಗನನ್ನು ನೀನು ನನ್ನ ಗರಡಿಯ ಕೆಮ್ಮಣ್ಣಿನಲ್ಲಿ ನಿಲ್ಲಿಸಿ, “ಅಣ್ಣ, ಇವನು ಇನ್ನು ನಿಂದು” ಎಂದು ಹೇಳಿ ಗಣಿಗೆ ಹೋದೆ. ಹದಿಮೂರು ವರ್ಷ ಹಾಲು ಬಾದಾಮಿ ಹಾಕಿ ನಾನು ಬೆಳೆಸಿದ ಕೈ ಅದು. ಅದನ್ನು ಹಾಳು ಮಾಡಿದವನೂ ನಾನೇ. ಹೇಗೆಂದು ಮೊದಲಿನಿಂದ ಬರೆಯುತ್ತೇನೆ, ನೀನು ಮಧ್ಯದಲ್ಲಿ ಪತ್ರ ಹರಿದು ಹಾಕಬೇಡ.

ದೀಪಾವಳಿ ಕಳೆದು ಎರಡನೆಯ ಸೋಮವಾರ ರಾಂಪುರದಲ್ಲಿ ಕುಸ್ತಿ ಇಟ್ಟಿದ್ದರು. ಬಳ್ಳಾರಿ ಕಡೆಯ ತಿಪ್ಪಯ್ಯ ಎಂಬ ಪೈಲ್ವಾನನ ಜೊತೆ ಪಾಲಣ್ಣನ ಜೋಡಿ. ತಿಪ್ಪಯ್ಯ ಒಳ್ಳೆಯ ಆಟಗಾರ, ಮೋಸ ಮಾಡುವವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹುಡುಗ ಅವನ ನಡು ಹಿಡಿದು ಎತ್ತಿದ್ದ. ಸುತ್ತ ನಿಂತ ರಾಯದುರ್ಗದ ಜನ ತೆಲುಗಿನಲ್ಲಿ “ವದಲೊದ್ದು, ವದಲೊದ್ದು” ಎಂದು ಕೂಗುತ್ತಿದ್ದರು, ಬಿಡಬೇಡ ಅಂತ. ತಿಪ್ಪಯ್ಯ ಕಾಲು ತೊಡರು ಹಾಕಿದ. ಇಬ್ಬರೂ ಒಟ್ಟಿಗೆ ಉರುಳಿದರು. ಬೀಳುವಾಗ ಕೈ ಊರಬೇಡ, ಭುಜ ಕೊಡು ಎಂದು ಸಾವಿರ ಸಲ ಹೇಳಿಕೊಟ್ಟಿದ್ದೇನೆ, ಗರಡಿಯ ಮೊದಲ ಪಾಠ ಅದು. ಆದರೂ ಊರಿದ. ಎರಡು ಆಳಿನ ಭಾರ ಆ ಒಂದು ಅಂಗೈ ಮೇಲೆ ಬಿತ್ತು. ಹೋಗಿ ನೋಡಿದರೆ ಮೊಣಕೈ ಕೀಲು ತಪ್ಪಿ ಮೂಳೆ ಹಿಂದಕ್ಕೆ ಚೂಪಾಗಿ ಎದ್ದಿತ್ತು.

ಬುಡೇನ್ ಸಾಬ್ ರಟ್ಟೆಯನ್ನು ಗಟ್ಟಿಯಾಗಿ ಹಿಡಿದ. ಅವನು ನಿನಗೆ ಗೊತ್ತಲ್ಲ, ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವವನು, ಹುಡುಗನಾಗಿದ್ದಾಗಿನಿಂದ ನನ್ನ ಗರಡಿಯವನು. ನಾನು ಮಣಿಕಟ್ಟು ಹಿಡಿದು ಜಗ್ಗಿ, ಹೆಬ್ಬೆರಳಿನಿಂದ ಮೊಣಕೈ ತುದಿಯನ್ನು ಮುಂದಕ್ಕೆ ನೂಕುತ್ತಾ ಮೆಲ್ಲಗೆ ಮಡಿಸಿದೆ. ಟಕ್ಕೆಂದು ಕೂತಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಜನ ಕುಸ್ತಿ ಗೆದ್ದವನಿಗೆ ಹಾಕುವ ಕೇಕೆಯನ್ನು ನನಗೆ ಹಾಕಿದರು. ಬೆರಳು ಆಡಿಸು ಎಂದೆ. ಐದೂ ಆಡಿದವು. ಕಾಟಪ್ಪ, ಐದು ಬೆರಳೂ ಆಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಜೆಯ ಹೊತ್ತಿಗೆ ಗಾಡಿಯಲ್ಲಿ ಮನೆ ಸೇರಿದೆವು. ಕೀಲು ಕೂತ ಮೇಲೆ ತಣ್ಣೀರು ಬಟ್ಟೆ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಬೇಕು, ಬಾವು ಎಷ್ಟು ಏರುತ್ತದೋ ನೋಡಬೇಕು, ಆಮೇಲೆ ಕಟ್ಟು ಹಾಕಬೇಕು. ಇದು ಅಪ್ಪ ಕಲಿಸಿದ್ದು. ನಾನೂ ಇಪ್ಪತ್ತೈದು ವರ್ಷ ಹಾಗೇ ಮಾಡಿದವನು. ಆದರೆ ಬಾಗಿಲಲ್ಲಿ ನನ್ನಿವಾಳದ ಆಳು ಕೂತಿದ್ದ. “ಲಕ್ಷ್ಮಕ್ಕಗೆ ನಿನ್ನೆಯಿಂದ ಬೇನೆ, ಕೂಸು ಅಡ್ಡ ನಿಂತೈತಂತೆ, ಬೇಗ ಬರಬೇಕಂತೆ” ಎಂದ. ತಾಯಿಲ್ಲದ ಮಗಳು. ನನ್ನ ಬುದ್ಧಿ ಅಲ್ಲಿಗೆ ಓಡಿತು, ಕೈ ಮಾತ್ರ ಇಲ್ಲಿತ್ತು. ಉದ್ದಿನ ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಟ್ಟೆಗೆ ಬಳಿದೆ, ಬಿದಿರು ದಬ್ಬೆ ನಾಲ್ಕು ಕಡೆ ಇಟ್ಟೆ, ಅಂಗೈವರೆಗೂ ಸುತ್ತಿದೆ. ನಾನು ಬರುವುದು ನಾಲ್ಕು ದಿನವೋ ಐದು ದಿನವೋ, ಅಷ್ಟರಲ್ಲಿ ಅಲುಗಬಾರದು ಎಂದು ಎರಡು ಸುತ್ತು ಹೆಚ್ಚಾಗಿಯೇ ಬಿಗಿದೆ. ಅದು ಒಣಗಿದರೆ ಕಲ್ಲಾಗುತ್ತದೆ. ಹೊರಗೆ ಕಲ್ಲು, ಒಳಗೆ ಬಾವು ಏರುವ ಮಾಂಸ. ಕತ್ತಲಾಗುವ ಮೊದಲೇ ಗಾಡಿ ಹತ್ತಿಬಿಟ್ಟೆ.

ಇದು ನನ್ನ ತಪ್ಪು. ಇದನ್ನು ನಾನು ಮುಚ್ಚಿಟ್ಟಿಲ್ಲ, ಚಾವಡಿಯಲ್ಲೇ ನಿಂತು ಹೇಳಿದ್ದೇನೆ. ಕೆಲವರು ನನ್ನನ್ನೇ ಸಮಾಧಾನ ಮಾಡಿದರು, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂದರು. ಅವರ ಮನೆಯ ಗಡಿಗೆಯಲ್ಲವಲ್ಲ ಒಡೆದದ್ದು.

ನಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತು. ಕಟ್ಟಿದ ಕೈಯೇ ಬಿಚ್ಚಬೇಕು. ಅಪ್ಪನ ಕಾಲದಲ್ಲಿ ಕೊಂಡ್ಲಹಳ್ಳಿಯವರು ಯಾರೋ ಅವಸರಪಟ್ಟು ಎಂಟನೇ ದಿನಕ್ಕೆ ಕಟ್ಟು ಬಿಚ್ಚಿ, ಮೂಳೆ ಸೊಟ್ಟಗೆ ಕೂಡಿ, ಕೆಟ್ಟ ಹೆಸರು ಅಪ್ಪನ ಪಾಲಿಗೆ ಬಂತು. ಆವತ್ತು ಅಪ್ಪ ಗರಡಿಯ ಹನುಮಪ್ಪನ ಮುಂದೆ ಆಣೆ ಹಾಕಿ ಈ ಕಟ್ಟಳೆ ಮಾಡಿದ್ದು. ಆಮೇಲೆ ನಮ್ಮ ಕಟ್ಟನ್ನು ಬೇರೆಯವರು ಮುಟ್ಟಿದರೆ ಕೈ ಕಾಲು ಬೀಳುತ್ತದೆ ಎಂದು ಸುತ್ತ ಹತ್ತು ಹಳ್ಳಿಯ ಜನ ನಂಬಿದರು. ನಾವು ನಂಬಿಸಿದೆವು ಅನ್ನು. ನಿನ್ನ ಹೆಂಡತಿ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದನ್ನೇ ಕೇಳಿಕೊಂಡು ಬಂದವಳು, ಅವಳನ್ನು ಬೈಯಬೇಡ.

ನಾನು ನನ್ನಿವಾಳ ಸೇರಿದ ಮರುದಿನ ಬೆಳಗ್ಗೆ ಕೂಸು ಹುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕೇರಿಯಲ್ಲಿ ಇಲಿ ಸತ್ತು ಬಿದ್ದವು, ಪ್ಲೇಗು ಎಂದರು. ಸಾಯಂಕಾಲದೊಳಗೆ ಊರು ಖಾಲಿ ಮಾಡಿಸಿ ಎಲ್ಲರನ್ನೂ ಹೊಲಕ್ಕೆ ಹೊರಡಿಸಿದರು, ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿ ಕಾವಲು ನಿಲ್ಲಿಸಿದರು. ಒಳಗಿದ್ದವರು ಹೊರಗಿಲ್ಲ, ಹೊರಗಿದ್ದವರು ಒಳಗಿಲ್ಲ. ಹಸಿ ಬಾಣಂತಿಯನ್ನು ಗುಡಿಸಲಲ್ಲಿ ಮಲಗಿಸಿ ಬಾಗಿಲಿಗೆ ನನ್ನ ಪಂಚೆ ಇಳಿಬಿಟ್ಟಿದ್ದೆ.

ಇತ್ತ ಮನೆಯಲ್ಲಿ ಮೂರನೆಯ ದಿನಕ್ಕೆ ಪಾಲಣ್ಣನ ಬೆರಳು ಊದಿಕೊಂಡು ನೀಲಿಗಟ್ಟಿದವಂತೆ. ಮೊದಲೆರಡು ದಿನ ಹಲ್ಲು ಕಚ್ಚಿಕೊಂಡಿದ್ದನಂತೆ. ಪೈಲ್ವಾನ ಅಳಬಾರದು ಎಂದು ಕಲಿಸಿದವನೂ ನಾನೇ ತಾನೇ? ಮೂರನೆಯ ದಿನ “ಅವ್ವ, ಒಳಗೆ ಬೆಂಕಿ ಇಟ್ಟಂಗೈತೆ, ಕುಯ್ದು ಬಿಡು” ಎಂದು ಕೂಗಿದನಂತೆ. ಕೆಂಚಕ್ಕ ಕುಡುಗೋಲು ತಂದು ಮಂಚದ ಪಕ್ಕ ಇಟ್ಟುಕೊಂಡಳಂತೆ, ಕೈಗೆ ತೆಗೆದುಕೊಂಡಳಂತೆ, ಮತ್ತೆ ಇಟ್ಟಳಂತೆ. ಮುಟ್ಟಿದರೆ ಮಗನ ಕೈ ಬಿದ್ದುಹೋಗುತ್ತದೆ ಎಂಬ ಭಯ ಅವಳಿಗೆ. ಆವತ್ತೇ ಬುಡೇನ್ ಸಾಬನನ್ನು ಅವನ ತಟ್ಟುಕುದುರೆಯ ಮೇಲೆ ನನ್ನಿವಾಳಕ್ಕೆ ಓಡಿಸಿದಳು. ಕಾವಲಿನವರು ಅವನನ್ನು ಬೇಲಿಯ ಹತ್ತಿರಕ್ಕೂ ಬಿಡದೆ ಹಿಂದಕ್ಕೆ ಅಟ್ಟಿದರಂತೆ. ಅವನು ಬರಿಗೈಯಲ್ಲಿ ವಾಪಸು ಬಂದ. ಆಮೇಲೆ ನೋವು ನಿಂತಿತು. ನೋವು ನಿಂತಿತಲ್ಲ, ಗುಣವಾಯಿತು ಎಂದು ಕೆಂಚಕ್ಕ ದೀಪ ಹಚ್ಚಿದಳು. ಅದು ಗುಣವಾದದ್ದಲ್ಲ, ಮಾಂಸ ಸತ್ತದ್ದು. ಎಂಟನೆಯ ದಿನ ಬೆರಳುಗಳು ತಾವಾಗಿ ಒಳಕ್ಕೆ ಮಡಿಸಿಕೊಳ್ಳತೊಡಗಿದಾಗ ಬುಡೇನ್ ಮತ್ತೆ ನನ್ನಿವಾಳಕ್ಕೆ ಬಂದ. ಈ ಸಲ ಬೇಲಿಯಾಚೆಯಿಂದ ನನ್ನ ಜೊತೆ ಮಾತಾಡಿದ. ನಾನು ಬಿಚ್ಚಲು ಹೇಳಿ ಕಳಿಸಿದೆ. ಹತ್ತನೆಯ ದಿನ ಕೆಂಚಕ್ಕ ಬಿಸಿನೀರು ಹೊಯ್ದು ನೆನೆಸಿ ಬಿಚ್ಚಿದಳು.

ನನ್ನನ್ನು ಬಿಟ್ಟದ್ದು ಮತ್ತೆ ಹತ್ತು ದಿನಕ್ಕೆ. ಬಂದು ನೋಡಿದೆ. ಮೊಣಕೈ ಕೀಲು ನೆಟ್ಟಗೆ ಕೂತಿದೆ, ಅದರಲ್ಲಿ ಒಂದು ಕೂದಲೆಳೆಯಷ್ಟು ಐಬಿಲ್ಲ. ಅಪ್ಪ ಇದ್ದಿದ್ದರೂ ಅಷ್ಟು ಚೆನ್ನಾಗಿ ಕೂರಿಸುತ್ತಿರಲಿಲ್ಲ. ಅದರ ಕೆಳಗೆ ಮುಂಗೈ ಸೊರಗಿ ಒಣಕಟ್ಟಿಗೆಯಾಗಿದೆ, ಮಣಿಕಟ್ಟು ಕೆಳಕ್ಕೆ ಬಾಗಿದೆ, ಬೆರಳು ಐದೂ ಅಂಗೈಯೊಳಗೆ ಮಡಿಸಿವೆ. ಬಿಡಿಸಿದರೆ ಬಿಡುವುದಿಲ್ಲ. ತುದಿಯಲ್ಲಿ ಸೂಜಿ ಚುಚ್ಚಿದರೆ ತಿಳಿಯುವುದಿಲ್ಲ. ಒಲೆಯ ಪಕ್ಕ ಕೂತು ಕಿರುಬೆರಳು ಸುಟ್ಟುಕೊಂಡದ್ದು ವಾಸನೆ ಬಂದ ಮೇಲೆ ಅವನಿಗೆ ಗೊತ್ತಾಯಿತು.

ನಾನು ಸುಮ್ಮನೆ ಕೂರಲಿಲ್ಲ. ಎಕ್ಕದ ಎಲೆ ಕಾಯಿಸಿ ಶಾಖ ಕೊಟ್ಟೆ, ಮರಳು ಹುರಿದು ಗಂಟು ಕಟ್ಟಿ ಒತ್ತಿದೆ, ಹರಳೆಣ್ಣೆ ನೀವಿದೆ, ಹಲಗೆಯೊಂದಕ್ಕೆ ಬೆರಳುಗಳನ್ನು ಕಟ್ಟಿ ದಿನಕ್ಕೆ ಒಂದು ಭತ್ತದ ಕಾಳಿನಷ್ಟು ಎಳೆದೆ. ಚರ್ಮ ಹರಿಯಿತೇ ಹೊರತು ಬೆರಳು ಬರಲಿಲ್ಲ. ಎಷ್ಟು ಜನರ ಉಳುಕು, ಎಷ್ಟು ಭುಜ, ಎಷ್ಟು ಮಂಡಿ ಈ ಕೈಯಲ್ಲಿ ಸರಿಹೋಗಿವೆ. ಚಳ್ಳಕೆರೆಯ ಸಾಹುಕಾರರ ಸೊಂಟ ಹಿಡಿದಾಗ ಗಾಡಿ ಕಳಿಸಿ ಕರೆಸಿಕೊಂಡಿರಲಿಲ್ಲವೇ? ಮನೆಯ ಹುಡುಗನ ಮಟ್ಟಿಗೆ ನನ್ನ ವಿದ್ಯೆ ಕವಡೆಗೂ ಬರಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಪಾಲಣ್ಣ ಓಡಿಬಂದ. “ದೊಡ್ಡಪ್ಪ, ಇಲ್ಲಿ ನೋಡು, ಬೆರಳು ಬಿಡ್ತಾವೆ!” ಎಂದ. ಮಣಿಕಟ್ಟನ್ನು ಎಡಗೈಯಿಂದ ಇನ್ನಷ್ಟು ಕೆಳಕ್ಕೆ ಬಾಗಿಸಿದ. ಹೌದು, ಬೆರಳುಗಳು ಅರ್ಧ ಬಿಚ್ಚಿಕೊಂಡವು. ಮಣಿಕಟ್ಟು ಎತ್ತಿದರೆ ಮತ್ತೆ ಮಡಿಸಿಕೊಂಡವು. ಬಾಗಿಸಿದರೆ ಬಿಚ್ಚುತ್ತವೆ, ಎತ್ತಿದರೆ ಮುಚ್ಚುತ್ತವೆ. ಕೆಂಚಕ್ಕ ಹನುಮಪ್ಪನಿಗೆ ಕಾಯಿ ಒಡೆಸಿದಳು. ನನಗೂ ಜೀವ ಬಂದಂತಾಯಿತು. ನನ್ನ ಕೈಯಲ್ಲಿ ಅರ್ಧ ಬಂದದ್ದು ಡಾಕ್ಟರ ಕೈಯಲ್ಲಿ ಪೂರ್ತಿ ಬರಲಿ ಎಂದು, ಯಾವತ್ತೂ ಆಸ್ಪತ್ರೆಯ ಮೆಟ್ಟಿಲು ಹತ್ತದವನು ಅವನನ್ನು ಗಾಡಿ ಕಟ್ಟಿಸಿ ಚಳ್ಳಕೆರೆಗೆ ಕರೆದುಕೊಂಡು ಹೋದೆ.

ಮೈಸೂರು ಕಡೆಯ ಡಾಕ್ಟರು, ಕನ್ನಡಕ ಹಾಕಿದ ಸಣ್ಣ ವಯಸ್ಸಿನವರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕೈಯನ್ನು ಬಹಳ ಹೊತ್ತು ನೋಡಿದರು. ಪಾಲಣ್ಣ ಉಮೇದಿನಿಂದ ಮಣಿಕಟ್ಟು ಬಾಗಿಸಿ ಬೆರಳು ಬಿಡುವುದನ್ನು ತೋರಿಸಿದ. ಅವರ ಮುಖ ಅಲ್ಲಿಗೆ ಬಿದ್ದುಹೋಯಿತು. ಅವನನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ನನಗೆ ಹೇಳಿದರು: “ನೋಡಿ ಯಜಮಾನರೆ, ನೀವು ಗುಣ ಅಂದುಕೊಂಡದ್ದೇ ಈ ರೋಗದ ಗುರುತು. ಬೆರಳನ್ನು ಎಳೆಯುವ ಮಾಂಸ ಇರುವುದು ಮುಂಗೈಯಲ್ಲಿ. ಕಟ್ಟಿನ ಬಿಗಿಗೆ ರಕ್ತ ಹರಿಯದೆ ಆ ಮಾಂಸ ಸತ್ತು ನಾರಾಗಿದೆ, ಗಿಡ್ಡವಾಗಿದೆ. ಬಾವಿಗೆ ಹಗ್ಗ ಸಾಲದೆ ಬಂದರೆ ನೀವು ಬಗ್ಗಿ ಕೊಡ ಇಳಿಸುವುದಿಲ್ಲವೇ? ಮಣಿಕಟ್ಟು ಬಗ್ಗಿದಾಗ ಬೆರಳು ಬಿಡುವುದು ಅಷ್ಟೇ. ಹಗ್ಗ ಉದ್ದವಾಗಿಲ್ಲ.” ಔಷಧ ಕೇಳಿದೆ. ಇಲ್ಲ ಎಂದರು. ಬೆಂಗಳೂರು, ಮದ್ರಾಸು ಎಂದೆ. ಹೋಗಿ ಬನ್ನಿ, ಆದರೆ ಸತ್ತ ಮಾಂಸಕ್ಕೆ ಜೀವ ಕೊಡುವವರು ಎಲ್ಲಿಯೂ ಇಲ್ಲ ಎಂದರು. ಮೊದಲ ದಿನವೇ ಬಿಗಿ ಸಡಿಲಿಸಿದ್ದರೆ ಅವನು ಇಷ್ಟು ಹೊತ್ತಿಗೆ ಕುಸ್ತಿ ಆಡುತ್ತಿದ್ದ ಎಂದರು. ಬೇವಿನ ಮರದ ಹತ್ತಿರ ಹೋದೆ. “ಏನಂದ್ರು ದೊಡ್ಡಪ್ಪ?” ಎಂದ. “ಎಣ್ಣೆ ನೀವ್ತಾ ಇರಿ ಅಂದ್ರು ಕಣಪ್ಪ, ನಿಧಾನಕ್ಕೆ ಬರ್ತೈತಂತೆ” ಎಂದೆ. ದಾರಿಯುದ್ದಕ್ಕೂ ಅವನು ಹಾಡು ಗುನುಗುತ್ತಾ ಬಂದ.

ಆ ಡಾಕ್ಟರು ಹೇಳಿದ್ದು ನನಗೆ ಗೊತ್ತು, ಈಗ ನಿನಗೆ ಗೊತ್ತು. ಕೆಂಚಕ್ಕನಿಗೂ ಹೇಳಿಲ್ಲ. ಈ ಮಾಘದಲ್ಲಿ ಅವನ ಮದುವೆ ಎಂದು ನೀನು ರಜೆ ಕೇಳಿಟ್ಟಿದ್ದೆಯಲ್ಲ, ನಿಂತದ್ದು ಏಕೆಂದು ನಾನು ಸರಿಯಾಗಿ ಬರೆದಿರಲಿಲ್ಲ. ಕೊಂಡ್ಲಹಳ್ಳಿಯ ಹುಚ್ಚಕ್ಕ ದೊಡ್ಡ ಮನಸ್ಸಿನ ಹೆಂಗಸು, ಮಗಳನ್ನು ಕೊಡುವುದಿಲ್ಲ ಎನ್ನಲಿಲ್ಲ. ನಿಲ್ಲಿಸಿದವನು ಪಾಲಣ್ಣನೇ. “ಈಗ್ಲೇ ಬ್ಯಾಡ ಅವ್ವ, ಮೂರು ಗಂಟು ಹಾಕಾಕೆ ಎರಡು ಕೈ ಬೇಕು. ವೈಶಾಖಕ್ಕೆ ಇಟ್ಕಳಾನ, ಅಷ್ಟೊತ್ತಿಗೆ ದೊಡ್ಡಪ್ಪ ಸರಿ ಮಾಡಿರ್ತಾನೆ” ಎಂದ. ಹುಚ್ಚಕ್ಕ ಒಪ್ಪಿಕೊಂಡು ಹೋದಳು. ಆ ಹುಡುಗಿ ಅಲ್ಲಿ ವೈಶಾಖವನ್ನು ಕಾಯುತ್ತಿದ್ದಾಳೆ. ಇವನು ಇಲ್ಲಿ ಕಾಯುತ್ತಿದ್ದಾನೆ. ವೈಶಾಖ ಬರುತ್ತದೆ, ಕೈ ಬರುವುದಿಲ್ಲ ಎಂದು ನನಗೊಬ್ಬನಿಗೆ ಗೊತ್ತಿದೆ, ನಾನು ಬಾಯಿಗೆ ಎಲೆ ತುರುಕಿಕೊಂಡು ಕೂತಿದ್ದೇನೆ.

ಊಟವನ್ನು ಎಲ್ಲರದ್ದೂ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ, ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಯಾರೂ ನೋಡಬಾರದು ಅಂತ. ನೇಗಿಲು ಹಿಡಿಯಲು ಹೋಗಿದ್ದ, ಮೇಳಿ ಆ ಕೈಗೆ ನಿಲ್ಲಲಿಲ್ಲ, ಎತ್ತು ಸಾಲು ಬಿಟ್ಟು ಹೋದವು. ನಗುತ್ತಾ ಮನೆಗೆ ಬಂದ. ಆ ನಗು ನೋಡಲಾಗದೆ ನಾನು ಹಿತ್ತಿಲಿಗೆ ಹೋದೆ. ಗರಡಿಗೆ ಬೀಗ ಹಾಕಿದ್ದೇನೆ. ಹುಡುಗರು ಬಂದು ಕೇಳಿದರು, ಬಾವಿಯಲ್ಲಿ ಕೀಲಿ ಬಿತ್ತು ಎಂದೆ. ಉಳುಕಿದವರು, ಕೀಲು ತಪ್ಪಿದವರು ಬಂದರೆ ನನಗೆ ಮರೆತುಹೋಗಿದೆ ಎನ್ನುತ್ತೇನೆ. ಒಬ್ಬ ಮುದುಕ, “ಅದೆಂಗೆ ಮರೆತೀಯಪ್ಪ, ಈಜು ಮರೀತೈತಾ?” ಎಂದು ನಕ್ಕು ಹೋದ.

ಇನ್ನೇನು ಬರೆಯಲಿ? ನನಗೆ ಇನ್ನು ಯಾವ ಆಸೆಯೂ ಉಳಿದಿಲ್ಲ. ಆಸೆ ಇಟ್ಟುಕೋ ಎಂದು ನಿನಗೆ ಹೇಳುವ ಮುಖವೂ ಇಲ್ಲ. ನಿನ್ನ ಮಗನನ್ನು ನೀನು ಕೊಟ್ಟ ಹಾಗೆ ಒಪ್ಪಿಸಲು ನನ್ನಿಂದ ಆಗಲಿಲ್ಲ. ಬೈಯಬೇಕೆನಿಸಿದರೆ ಬೈದು ಬರೆ, ನಿನ್ನ ಬೈಗುಳವನ್ನು ಯಾರ ಕೈಲೂ ಓದಿಸದೆ ನಾನೇ ಓದಿಕೊಳ್ಳುತ್ತೇನೆ. ಕೆಂಚಕ್ಕ ನಿನಗೆ ನಮಸ್ಕಾರ ಹೇಳಿದ್ದಾಳೆ. ಪಾಲಣ್ಣನೂ ಅಷ್ಟೇ, “ಅಪ್ಪಗೆ ಕೈ ವಾಸಿ ಆಗ್ತಾ ಐತೆ ಅಂತ ಬರಿ” ಎಂದಿದ್ದಾನೆ, ಅವನ ಮಾತನ್ನು ಅವನ ಮಾತಾಗಿಯೇ ಬರೆದಿದ್ದೇನೆ. ಗಣಿಯ ಕೆಳಗೆ ಇಳಿಯುವಾಗ ಹನುಮಪ್ಪ ನಿನ್ನ ತಲೆ ಕಾಯಲಿ. ಎದೆಗೆ ಬಟ್ಟೆ ಸುತ್ತಿಕೊಂಡು ಮಲಗು.

ಇಂತಿ ನಿನ್ನ ಅಣ್ಣ,
ಬೊಮ್ಮಲಿಂಗಪ್ಪ

ಅಂಚೆಯವನು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾನೆ, ಅವನು ಏಳುವುದರೊಳಗೆ ಇದನ್ನು ಬರೆದು ಮುಗಿಸುತ್ತೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೊದಲ ಸಲ ಬಂದಾಗ ಬುಡೇನ್ ಸಾಬನನ್ನು ಕಾವಲಿನವರು ಅಟ್ಟಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನವೇ ಅವನು ಬೇಲಿಯಾಚೆ ನಿಂತು, “ಉಸ್ತಾದ್, ಉಗುರೆಲ್ಲ ನೀಲಿ ಆಗೈತೆ, ಹುಡುಗ ಕೂಗ್ತಾವ್ನೆ, ಬಿಚ್ಚಲಾ?” ಎಂದು ಕೂಗಿ ಕೇಳಿದ. ಸುತ್ತ ನನ್ನಿವಾಳದ ಜನ ನಿಂತಿದ್ದರು, ಅವರಲ್ಲಿ ನಾಲ್ಕು ಮಂದಿಯ ಕೈಕಾಲು ನಾನೇ ಕೂಡಿಸಿದ್ದು. ನನ್ನ ಕಟ್ಟು ಕೆಟ್ಟಿದೆ ಎಂದು ಅವರ ಮುಂದೆ ಹೇಗೆ ಒಪ್ಪಲಿ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ಜಾತಿ ನಾನು. “ಬೊಮ್ಮಲಿಂಗಪ್ಪನ ಕಟ್ಟನ್ನ ಬೊಮ್ಮಲಿಂಗಪ್ಪನೇ ಬಿಚ್ಚಬೇಕು. ನೋವಾಗ್ತೈತೆ ಅಂದ್ರೆ ಕೂಡ್ತಾ ಐತೆ ಅಂತ. ಯಾರೂ ಮುಟ್ಟಬ್ಯಾಡ್ರಿ ಅನ್ನು” ಎಂದೆ. ಜನ ತಲೆದೂಗಿದರು. ಬುಡೇನ್ ಕುದುರೆ ತಿರುಗಿಸಿಕೊಂಡು ಹೋದ. ನನ್ನ ಮಾತು ತಲುಪಿಸಿದರೆ ನಾಳೆ ತಪ್ಪು ನನ್ನ ತಲೆಯ ಮೇಲೆ ಬರುತ್ತದೆ, ಉಸ್ತಾದನ ಹೆಸರು ಉಳಿಯಲಿ ಎಂದು, ಕಾವಲಿನವರು ಬಿಡಲಿಲ್ಲ ಅಂತ ಕೆಂಚಕ್ಕನಿಗೆ ಅವನೇ ಸುಳ್ಳು ಹೇಳಿದ್ದು. ಆವತ್ತಿನಿಂದ ಅವನು ನನ್ನ ಮುಖ ನೋಡುವುದಿಲ್ಲ. ನಾಲ್ಕನೇ ದಿನ ಬಿಚ್ಚಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದ್ದೆ. ಒಂದೆರಡು ಬೆರಳು ಉಳಿಯುತ್ತಿದ್ದವೋ ಏನೋ, ಹೇಳಲಾಗದು ಎಂದರು. ಎರಡು ಬೆರಳಿದ್ದರೆ ಮೂಗುದಾರ ಹಿಡಿಯಬಹುದಿತ್ತು ಕಾಟಪ್ಪ, ತಾಳಿಯ ಗಂಟು ಹಾಕಬಹುದಿತ್ತು. ದಿನಾ ಬೆಳಗ್ಗೆ ಅವನು ಎಣ್ಣೆಯ ಬಟ್ಟಲು ತಂದು ನನ್ನ ಮುಂದೆ ಕೂತು ಆ ಕೈ ಚಾಚುತ್ತಾನೆ. ನಾನು ನೀವುತ್ತೇನೆ. “ದೊಡ್ಡಪ್ಪ, ಇವತ್ತು ಒಂದೀಟು ಬಿಟ್ಟಂಗೈತೆ, ಅಲ್ವಾ?” ಅನ್ನುತ್ತಾನೆ. “ಹೂಂ ಕಣಪ್ಪ, ಬಿಟ್ಟೈತೆ” ಅನ್ನುತ್ತೇನೆ. ಇನ್ನು ನನ್ನಿಂದಾಗದು. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬಾ. ವೈಶಾಖದೊಳಗೆ ಬಂದು ನಿನ್ನ ಮಗನಿಗೆ ನಿಜ ಹೇಳು, ಹೇಳಿ ಅವನನ್ನು ನನ್ನ ಕೈಯಿಂದ ಬಿಡಿಸಿಕೊಂಡು ಹೋಗು.